ಚಿತ್ರಶಾಲೆಯ ಸುದ್ದಿಕಡತ ಊರಿನವರ ಕೈಯಲ್ಲಿರಲಿ

1923ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ಅಕಾಡೆಮಿ ಆಫ್ ದಿ ಫೈನ್ ಆರ್ಟ್ಸ್‌ನಲ್ಲಿ 75 ಕೃತಿಗಳ ಪ್ರದರ್ಶನವೊಂದು ನಡೆಯಿತು. ಮತೀಸ್, ಪಿಕಾಸೊ, ಮೊದಿಲ್ಯಾನಿ, ಸೂಟಿನ್ ಎಂಬ ಹೆಸರುಗಳು ಆ ಊರಿನ ಬಹುಪಾಲು ಜನರ ಕಿವಿಗೆ ಬಿದ್ದದ್ದು ಆಗಲೇ. ಸ್ಥಳೀಯ ಪತ್ರಿಕೆಗಳ ವಿಮರ್ಶಕರು ಹರಿಹಾಯ್ದರು. ಇದು ಕಲೆಯಲ್ಲ, ರೋಗ ಎನ್ನುವ ಧಾಟಿಯಲ್ಲಿ ಬರೆದರು. ಸಂಗ್ರಹದ ಒಡೆಯ ಡಾ. ಆಲ್ಬರ್ಟ್ ಬಾರ್ನ್ಸ್ ಆ ಬರಹಗಳನ್ನು ಸಾಯುವವರೆಗೂ ಮರೆಯಲಿಲ್ಲ.

ಮರೆಯದ ಆ ಸಿಟ್ಟು ಮುಂದಿನ ನೂರು ವರ್ಷಗಳ ಕತೆಗೆ ಮೊದಲ ಕಾರಣವಾಯಿತು. ನ್ಯಾಯಾಲಯಗಳು, ರಾಜ್ಯ ಸರ್ಕಾರ, ಒಂದು ವಿಶ್ವವಿದ್ಯಾಲಯ, ಮೂರು ದೊಡ್ಡ ದತ್ತಿ ಸಂಸ್ಥೆಗಳು, ಒಂದು ದಿನಪತ್ರಿಕೆ ಎಲ್ಲವೂ ಈ ಕತೆಯೊಳಗೆ ಬಂದುಹೋದವು. ಇಂದು ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕೆಂದು ಹೊರಟವರಿಗೆ ದತ್ತಿಪತ್ರ ಸಾಲದು, ನ್ಯಾಯಾಲಯದ ತೀರ್ಪುಗಳೂ ಸಾಲವು. ಪತ್ರಿಕೆಗಳ ಹಳೆಯ ಪುಟಗಳು ಬೇಕೇ ಬೇಕು. ಕಲಾ ಮ್ಯೂಸಿಯಂ ಒಂದರ ಬಗ್ಗೆ, ಅದನ್ನು ನಡೆಸುವ ಟ್ರಸ್ಟ್ ಬಗ್ಗೆ ಪತ್ರಿಕೆಗಳು ಬರೆದದ್ದೆಲ್ಲವನ್ನೂ ಒಪ್ಪವಾಗಿ ಕೂಡಿಡುವ ಕೆಲಸ ಎಷ್ಟು ದೊಡ್ಡದು, ಅದು ಯಾರ ಕೈಯಲ್ಲಿರಬೇಕು ಎನ್ನುವುದನ್ನು ಬಾರ್ನ್ಸ್ ಪ್ರತಿಷ್ಠಾನದಷ್ಟು ಚೆನ್ನಾಗಿ ತೋರಿಸುವ ಉದಾಹರಣೆ ಸಿಗುವುದು ಕಷ್ಟ.

ಬಾರ್ನ್ಸ್ ಹುಟ್ಟಿದ್ದು 1872ರಲ್ಲಿ, ಫಿಲಡೆಲ್ಫಿಯಾದ ಕೂಲಿಕಾರರ ಕೇರಿಯಲ್ಲಿ. ತಂದೆ ಕಸಾಯಿ ಕೆಲಸದವರು, ಅಂತರ್ಯುದ್ಧದಲ್ಲಿ ಒಂದು ಕೈ ಕಳೆದುಕೊಂಡವರು. ಮಗ ಕಷ್ಟಪಟ್ಟು ವೈದ್ಯಕೀಯ ಓದಿದ. ಹರ್ಮನ್ ಹಿಲ್ಲೆ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞನ ಜೊತೆ ಸೇರಿ ಆರ್ಜಿರಾಲ್ ಎಂಬ ಬೆಳ್ಳಿಯ ಸಂಯುಕ್ತದ ಔಷಧಿಯನ್ನು ಮಾರುಕಟ್ಟೆಗೆ ತಂದ. ನವಜಾತ ಶಿಶುಗಳ ಕಣ್ಣಿನ ಸೋಂಕು ತಡೆಯುತ್ತಿದ್ದ ಆ ಹನಿ ಅವನನ್ನು ಕೋಟ್ಯಧೀಶನನ್ನಾಗಿಸಿತು. 1912ರಲ್ಲಿ ಶಾಲೆಯ ಗೆಳೆಯ, ಚಿತ್ರಕಾರ ವಿಲಿಯಂ ಗ್ಲ್ಯಾಕೆನ್ಸ್ ಕೈಗೆ 20,000 ಡಾಲರ್ ಕೊಟ್ಟು ಪ್ಯಾರಿಸ್‌ಗೆ ಕಳಿಸಿದ. ವ್ಯಾನ್ ಗೋ ಬರೆದ ಅಂಚೆಯವನ ಚಿತ್ರ ಸೇರಿ ಹಲವು ಕೃತಿಗಳು ಆ ಸಲ ಹಡಗೇರಿ ಬಂದವು. 1929ರ ಷೇರುಪೇಟೆ ಕುಸಿತಕ್ಕೆ ಕೆಲವೇ ತಿಂಗಳ ಮುಂಚೆ ಬಾರ್ನ್ಸ್ ತನ್ನ ಕಂಪನಿಯನ್ನು ಮಾರಿಬಿಟ್ಟಿದ್ದ. ಊರೆಲ್ಲ ದಿವಾಳಿಯಾದಾಗ ಅವನ ಬಳಿ ನಗದು ಇತ್ತು, ಚಿತ್ರಗಳು ಅಗ್ಗವಾಗಿದ್ದವು.

ಇಂದು ಆ ಸಂಗ್ರಹದಲ್ಲಿ ರೆನ್ವಾರ್ ಅವರ 181 ಕೃತಿಗಳಿವೆ, ಸೆಜಾನ್ ಅವರ 69, ಮತೀಸ್ ಅವರ 59.

1922ರ ಡಿಸೆಂಬರ್‌ನಲ್ಲಿ ಬಾರ್ನ್ಸ್ ಸ್ಥಾಪಿಸಿದ ಪ್ರತಿಷ್ಠಾನ ಕಾನೂನಿನ ಪ್ರಕಾರ ಮ್ಯೂಸಿಯಂ ಅಲ್ಲ, ಶಾಲೆ. ತತ್ತ್ವಜ್ಞಾನಿ ಜಾನ್ ಡ್ಯೂಯಿ ಅದರ ಶಿಕ್ಷಣದ ಮೊದಲ ನಿರ್ದೇಶಕರು. ನಗರದ ಹೊರಗೆ, ಮೆರಿಯನ್ ಎಂಬ ಹಸಿರು ಬಡಾವಣೆಯಲ್ಲಿ ಪಾಲ್ ಕ್ರೆಟ್ ವಿನ್ಯಾಸದ ಕಟ್ಟಡ 1925ರಲ್ಲಿ ತೆರೆಯಿತು. ಬಾರ್ನ್ಸ್ ಚಿತ್ರಗಳನ್ನು ಕಾಲಕ್ರಮದಲ್ಲಿ ತೂಗುಹಾಕಲಿಲ್ಲ. ಸೆಜಾನ್ ಪಕ್ಕದಲ್ಲಿ ಹಳೆಯ ಬಾಗಿಲಿನ ತಿರುಗಣಿ, ರೆನ್ವಾರ್ ಕೆಳಗೆ ಹಳ್ಳಿಯ ಮರದ ಪೆಟ್ಟಿಗೆ, ಆಫ್ರಿಕದ ಮುಖವಾಡದೆದುರು ಮೊದಿಲ್ಯಾನಿ, ಹೀಗೆ ಒಂದೊಂದು ಗೋಡೆಯನ್ನೂ ಒಂದು ಪಾಠವಾಗಿ ಜೋಡಿಸಿದ. ತನ್ನ ಕಾಲಾನಂತರವೂ ಯಾವ ಚಿತ್ರವನ್ನೂ ಕದಲಿಸಬಾರದು, ಎರವಲು ಕೊಡಬಾರದು, ಮಾರಬಾರದು ಎಂದು ದತ್ತಿಪತ್ರದಲ್ಲಿ ಬರೆಸಿದ. ಸಿರಿವಂತರ ಔತಣಕೂಟಗಳಿಗೆ ಅಲ್ಲಿ ಜಾಗವಿಲ್ಲ ಎಂದ. ವಿದ್ಯಾರ್ಥಿಗಳಿಗೆ, ಕಾರ್ಖಾನೆಯ ಕಾರ್ಮಿಕರಿಗೆ ಬಾಗಿಲು ತೆರೆದಿತ್ತು. ವಿಮರ್ಶಕರಿಗೆ, ಪ್ರತಿಷ್ಠಿತರಿಗೆ ಮುಚ್ಚಿತ್ತು. ಕಾದಂಬರಿಕಾರ ಜೇಮ್ಸ್ ಮಿಚೆನರ್ ಹಲವು ಸಲ ಕೇಳಿ ನಿರಾಕರಣೆ ಪಡೆದ ಮೇಲೆ ಉಕ್ಕಿನ ಕಾರ್ಖಾನೆಯ ಕಾರ್ಮಿಕನೆಂದು ಹೇಳಿಕೊಂಡು ಒಳಹೊಕ್ಕರು.

ಈ ಮುಚ್ಚಿದ ಬಾಗಿಲಿಗೆ ಕಾರಣ ದತ್ತಿಪತ್ರದಲ್ಲಿ ಸಿಗುವುದಿಲ್ಲ. ಷರತ್ತುಗಳನ್ನಷ್ಟೇ ಓದಿದವರು ಬಾರ್ನ್ಸ್ ಒಬ್ಬ ತಿಕ್ಕಲು ಶ್ರೀಮಂತ ಎಂದುಕೊಳ್ಳುತ್ತಾರೆ. 1923ರ ವಿಮರ್ಶೆಗಳನ್ನು ಪಕ್ಕದಲ್ಲಿಟ್ಟು ಓದಿದವರಿಗೆ ಗಾಯಗೊಂಡ ಒಬ್ಬ ಮನುಷ್ಯ ಕಾಣುತ್ತಾನೆ. ಆ ವಿಮರ್ಶಕರ ತೀರ್ಮಾನ ತಪ್ಪಾಗಿತ್ತು ಎಂದು ಈಗ ಎಲ್ಲರೂ ಒಪ್ಪುತ್ತಾರೆ. ಆದರೂ ಅವರ ತಪ್ಪೇ ಚರಿತ್ರೆಯ ದಾಖಲೆ. ತಪ್ಪು ಬರೆದ ಪುಟವೆಂದು ಯಾರಾದರೂ ಅದನ್ನು ಎಸೆದಿದ್ದರೆ ಮುಂದಿನದ್ಯಾವುದೂ ಅರ್ಥವಾಗುತ್ತಿರಲಿಲ್ಲ.

1942ರಲ್ಲಿ ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್ ವಾರಪತ್ರಿಕೆ ಬಾರ್ನ್ಸ್ ಬಗ್ಗೆ ನಾಲ್ಕು ಕಂತುಗಳ ಲೇಖನಮಾಲೆ ಪ್ರಕಟಿಸಿತು. ಸಿಡುಕಿನ ಸ್ವಭಾವವನ್ನೇ ಶೀರ್ಷಿಕೆಯಲ್ಲಿಟ್ಟ ಆ ಬರಹಕ್ಕೆ ಬಾರ್ನ್ಸ್ ತನ್ನದೇ ಕರಪತ್ರ ಅಚ್ಚುಹಾಕಿಸಿ ಉತ್ತರ ಕೊಟ್ಟ. ಅದೇ ವರ್ಷ ಬರ್ಟ್ರಂಡ್ ರಸೆಲ್ ಅವರನ್ನು ಪ್ರತಿಷ್ಠಾನದ ಉಪನ್ಯಾಸಕ ಹುದ್ದೆಯಿಂದ ತೆಗೆದುಹಾಕಿದ. ಐದು ವರ್ಷದ ಒಪ್ಪಂದ ಮುರಿದದ್ದಕ್ಕೆ ರಸೆಲ್ ಮೊಕದ್ದಮೆ ಹೂಡಿ ಗೆದ್ದರು. ಅಲ್ಲಿ ಕೊಟ್ಟ ಉಪನ್ಯಾಸಗಳಿಂದಲೇ ಅವರ ಪಾಶ್ಚಾತ್ಯ ತತ್ತ್ವಶಾಸ್ತ್ರದ ಇತಿಹಾಸದ ಹೊತ್ತಗೆ ಬೆಳೆಯಿತು. ಬಾರ್ನ್ಸ್ ಅದಕ್ಕೂ ಒಂದು ಕರಪತ್ರ ಬರೆದ. ಪತ್ರಿಕೆಯ ಲೇಖನ ಒಂದು ಕಡೆ, ಕರಪತ್ರ ಇನ್ನೊಂದು ಕಡೆ ಬಿದ್ದಿದ್ದರೆ ಓದುವವರಿಗೆ ಅರ್ಧ ಸತ್ಯವೇ ದಕ್ಕುತ್ತದೆ. ಎರಡೂ ಒಂದೇ ಕಡತದಲ್ಲಿದ್ದಾಗ ಮಾತ್ರ ಜಗಳದ ಪೂರ್ಣ ರೂಪ ಕಾಣುತ್ತದೆ.

1951ರ ಜುಲೈನಲ್ಲಿ ರಸ್ತೆ ಅಪಘಾತದಲ್ಲಿ ಬಾರ್ನ್ಸ್ ತೀರಿಕೊಂಡರು. ಟ್ರಸ್ಟಿಗಳನ್ನು ನೇಮಿಸುವ ಅಧಿಕಾರ ಕ್ರಮೇಣ ಲಿಂಕನ್ ವಿಶ್ವವಿದ್ಯಾಲಯಕ್ಕೆ ಹೋಗುವಂತೆ ಅವರು ಅದಾಗಲೇ ಬರೆಸಿದ್ದರು. ಅದು ಕಪ್ಪು ಜನರ ಶಿಕ್ಷಣಕ್ಕಾಗಿ ಹುಟ್ಟಿದ ಸಣ್ಣ ಸಂಸ್ಥೆ. ಫಿಲಡೆಲ್ಫಿಯಾದ ಗಣ್ಯರ ಕೈಗೆ ತನ್ನ ಸಂಗ್ರಹ ಸಿಗಬಾರದೆಂಬ ಬಾರ್ನ್ಸ್ ಹಟವೂ, ಕಪ್ಪು ಜನರ ಬಗ್ಗೆ ಅವರಿಗಿದ್ದ ನಿಜವಾದ ಗೌರವವೂ ಆ ಒಂದು ನಿರ್ಧಾರದಲ್ಲಿದ್ದವು.

ಸಾವಿನ ಮರುವರ್ಷವೇ, ಅಂದರೆ 1952ರಲ್ಲಿ, ಫಿಲಡೆಲ್ಫಿಯಾ ಇನ್‌ಕ್ವೈರರ್ ಪತ್ರಿಕೆಯ ಸಂಪಾದಕೀಯ ಬರಹಗಾರ ಹೆರಾಲ್ಡ್ ವೀಗಂಡ್ ನ್ಯಾಯಾಲಯದ ಮೆಟ್ಟಿಲೇರಿದರು. ತೆರಿಗೆ ವಿನಾಯಿತಿ ಪಡೆಯುವ ದತ್ತಿ ಸಂಸ್ಥೆ ಸಾರ್ವಜನಿಕರಿಗೆ ಬಾಗಿಲು ಹಾಕಿಕೊಂಡು ಕೂರುವುದು ಹೇಗೆ ಎನ್ನುವುದು ಅವರ ಪ್ರಶ್ನೆ. ಅದು ನ್ಯಾಯವಾದ ಪ್ರಶ್ನೆಯೇ. ಪತ್ರಿಕೆಯ ಒಡೆಯ ವಾಲ್ಟರ್ ಅನೆನ್‌ಬರ್ಗ್. 1953ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಆ ಅರ್ಜಿಯನ್ನು ತಳ್ಳಿಹಾಕಿತು. ಮುಂದೆ ರಾಜ್ಯದ ಅಟಾರ್ನಿ ಜನರಲ್ ಅದೇ ಪ್ರಶ್ನೆ ಎತ್ತಿದರು. 1961ರಲ್ಲಿ ವಾರಕ್ಕೆ ಎರಡು ದಿನ, ಸೀಮಿತ ಸಂಖ್ಯೆಯಲ್ಲಿ, ಸಾಮಾನ್ಯರಿಗೆ ಪ್ರವೇಶ ಸಿಕ್ಕಿತು. ಪತ್ರಿಕೆಯೊಂದು ಇಲ್ಲಿ ಸುದ್ದಿ ಬರೆದು ಸುಮ್ಮನಾಗಲಿಲ್ಲ, ಸುದ್ದಿಯ ಪಾತ್ರಧಾರಿಯೂ ಆಯಿತು. ಈ ಅಂಶವನ್ನು ನೆನಪಿಡಬೇಕು. ಐವತ್ತು ವರ್ಷಗಳ ನಂತರ ಅದು ಇನ್ನೊಂದು ರೂಪದಲ್ಲಿ ಮರಳಿ ಬಂತು.

1990ರ ದಶಕದ ಹೊತ್ತಿಗೆ ಪ್ರತಿಷ್ಠಾನದ ನಗದು ಬರಿದಾಗತೊಡಗಿತ್ತು. ಕಟ್ಟಡ ದುರಸ್ತಿಗಾಗಿ 1993ರಿಂದ 1995ರವರೆಗೆ ಸುಮಾರು 80 ಚಿತ್ರಗಳನ್ನು ವಾಷಿಂಗ್ಟನ್, ಪ್ಯಾರಿಸ್, ಟೋಕಿಯೊ ಮುಂತಾದೆಡೆ ಪ್ರವಾಸ ಕಳಿಸಲಾಯಿತು. ಕದಲಿಸಬಾರದೆಂಬ ಷರತ್ತನ್ನು ನ್ಯಾಯಾಲಯ ಒಂದು ಸಲಕ್ಕೆಂದು ಸಡಿಲಿಸಿತು. ಆಮೇಲೆ ವಾಹನ ನಿಲುಗಡೆ ಜಾಗದ ವಿಚಾರಕ್ಕೆ ನೆರೆಹೊರೆಯವರ ಜೊತೆ, ಪೌರಾಡಳಿತದ ಜೊತೆ ಮೊಕದ್ದಮೆಗಳಾದವು. ವಕೀಲರ ಖರ್ಚಿಗೇ ಪ್ರತಿಷ್ಠಾನ ಸೊರಗಿತು.

2002ರ ಸೆಪ್ಟೆಂಬರ್‌ನಲ್ಲಿ ಪ್ರತಿಷ್ಠಾನವೇ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಸಂಗ್ರಹವನ್ನು ಮೆರಿಯನ್‌ನಿಂದ ನಗರದ ನಡುವಿಗೆ ಸಾಗಿಸಲು, ಆಡಳಿತ ಮಂಡಳಿಯನ್ನು ಐದರಿಂದ ಹದಿನೈದಕ್ಕೆ ಏರಿಸಲು ಅನುಮತಿ ಕೇಳಿತು. ಬೆನ್ನಿಗೆ ಮೂರು ದತ್ತಿ ಸಂಸ್ಥೆಗಳಿದ್ದವು: ಪ್ಯೂ ಚಾರಿಟಬಲ್ ಟ್ರಸ್ಟ್ಸ್, ಲೆನ್‌ಫೆಸ್ಟ್ ಫೌಂಡೇಷನ್, ಅನೆನ್‌ಬರ್ಗ್ ಫೌಂಡೇಷನ್. ಅನುಮತಿ ಸಿಕ್ಕರೆ 15 ಕೋಟಿ ಡಾಲರ್ ಕೂಡಿಸಲು ನೆರವಾಗುತ್ತೇವೆ ಎಂದು ಅವು ಮುಂದೆ ಬಂದವು. ಅನೆನ್‌ಬರ್ಗ್ ಫೌಂಡೇಷನ್ ಕಟ್ಟಿದವರು ಐವತ್ತರ ದಶಕದಲ್ಲಿ ಇನ್‌ಕ್ವೈರರ್ ಪತ್ರಿಕೆಯ ಒಡೆಯರಾಗಿದ್ದ ಅದೇ ವಾಲ್ಟರ್ ಅನೆನ್‌ಬರ್ಗ್. ಅರ್ಜಿ ಬಿದ್ದ ಕೆಲವೇ ದಿನಗಳಲ್ಲಿ, ಅಕ್ಟೋಬರ್ 1ರಂದು ಅವರು ತೀರಿಕೊಂಡರು. ಪತ್ರಿಕೆಯನ್ನು ಅವರು 1969ರಲ್ಲೇ ಮಾರಿದ್ದರು. ಹೊಸ ಮಾಲೀಕರ ಕೈಯಲ್ಲೂ ಪತ್ರಿಕೆಯ ಸಂಪಾದಕೀಯಗಳು ಸ್ಥಳಾಂತರದ ಪರವಾಗಿದ್ದವು. ಮುಂದೆ 2014ರಲ್ಲಿ ಪತ್ರಿಕೆ ಜೆರ್ರಿ ಲೆನ್‌ಫೆಸ್ಟ್ ಅವರ ಕೈಗೆ ಬಂತು. 2016ರಲ್ಲಿ ಅವರು ಅದನ್ನು ಲಾಭರಹಿತ ಸಂಸ್ಥೆಯೊಂದಕ್ಕೆ ದಾನ ಮಾಡಿದರು.

ಇದರಲ್ಲಿ ಸಂಚು ಹುಡುಕಬೇಕಾಗಿಲ್ಲ. ಒಂದು ಊರಿನಲ್ಲಿ ಹಣವಿರುವವರು ಕೆಲವರೇ. ಆಸ್ಪತ್ರೆಗೆ, ಕಾಲೇಜಿಗೆ, ಮ್ಯೂಸಿಯಂಗೆ, ಪತ್ರಿಕೆಗೆ ಅವರೇ ಕೈಹಾಕುತ್ತಾರೆ. ಲೆನ್‌ಫೆಸ್ಟ್ ಆ ಪತ್ರಿಕೆಯನ್ನು ಉಳಿಸಿದರು ಎನ್ನುವುದೂ ನಿಜ. ಆದರೆ ಕಲಾ ಮ್ಯೂಸಿಯಂನ ದಾನಿ, ಅದರ ಬಗ್ಗೆ ಬರೆಯುವ ಪತ್ರಿಕೆಯ ಒಡೆಯ, ಆ ಪತ್ರಿಕೆಯ ಹಳೆಯ ಸಂಚಿಕೆಗಳ ಪಾಲಕ ಈ ಮೂವರೂ ಎಂದಾದರೂ ಒಬ್ಬರೇ ಆಗಬಹುದು ಎನ್ನುವುದು ಇಲ್ಲಿ ಕಣ್ಣಿಗೆ ಕಾಣುವ ಸಂಗತಿ. ಸುದ್ದಿಕಡತದ ಕನಿಷ್ಠ ಒಂದು ಪ್ರತಿಯಾದರೂ ಇವರಾರಿಗೂ ಸೇರದ ಜಾಗದಲ್ಲಿ ಇರಬೇಕೆನ್ನಲು ಇದಕ್ಕಿಂತ ಗಟ್ಟಿ ಕಾರಣ ಬೇಡ.

ನ್ಯಾಯಾಧೀಶ ಸ್ಟ್ಯಾನ್ಲಿ ಓಟ್ 2004ರ ಡಿಸೆಂಬರ್ 13ರಂದು ಸ್ಥಳಾಂತರಕ್ಕೆ ಒಪ್ಪಿಗೆ ಕೊಟ್ಟರು. ಮೆರಿಯನ್‌ನಲ್ಲೇ ಉಳಿದರೆ ಪ್ರತಿಷ್ಠಾನ ಬದುಕಲಾರದು ಎನ್ನುವುದು ಆ ತೀರ್ಪಿನ ತಿರುಳು. ವಿರೋಧಿಸಿದವರು ನೆರೆಹೊರೆಯ ನಿವಾಸಿಗಳು ಮತ್ತು ಪ್ರತಿಷ್ಠಾನದ ಹಳೆಯ ವಿದ್ಯಾರ್ಥಿಗಳು. ಬಾರ್ನ್ಸ್ ಸ್ನೇಹಿತರ ಬಳಗ ಎಂದು ಒಟ್ಟುಗೂಡಿದ ಇವರ ಬಳಿ ಹಣವಿರಲಿಲ್ಲ, ಮೊಕದ್ದಮೆ ಹೂಡುವ ಕಾನೂನುಬದ್ಧ ಅಧಿಕಾರವೂ ಇರಲಿಲ್ಲ. ಇದ್ದದ್ದು ತಾಳ್ಮೆ ಮತ್ತು ದಾಖಲೆಗಳು. ಪತ್ರಿಕೆಗಳಲ್ಲಿ ಬಂದದ್ದನ್ನು ಕೂಡಿಡುತ್ತ, ಒಂದು ಹೇಳಿಕೆಯನ್ನು ಇನ್ನೊಂದರ ಪಕ್ಕ ಇಟ್ಟು ನೋಡುತ್ತ ಅವರು ವರ್ಷಗಟ್ಟಲೆ ಪ್ರಶ್ನೆ ಕೇಳಿದರು.

ಅವುಗಳಲ್ಲಿ ಒಂದು ಪ್ರಶ್ನೆ ತುಂಬ ತೂಕದ್ದು. ಪೆನ್ಸಿಲ್ವೇನಿಯಾ ರಾಜ್ಯದ 2001-02ರ ಬಂಡವಾಳ ಬಜೆಟ್‌ನಲ್ಲಿ ಬಾರ್ನ್ಸ್ ಸಂಗ್ರಹಕ್ಕೆ ಫಿಲಡೆಲ್ಫಿಯಾದಲ್ಲಿ ಕಟ್ಟಡ ಕಟ್ಟಲೆಂದು 10.7 ಕೋಟಿ ಡಾಲರ್ ನಮೂದಾಗಿತ್ತು. ಅನುಮತಿ ಸಿಗುವುದಕ್ಕೆ ಬಹಳ ಮುಂಚಿನ ಮಾತು ಇದು. ತೀರ್ಪು ಬಂದು ವರ್ಷಗಳಾದ ಮೇಲೆ ಈ ಸಂಗತಿ ಸಾರ್ವಜನಿಕರ ಗಮನಕ್ಕೆ ಬಂತು. ನಗರಕ್ಕೆ ಸಾಗಿಸಲು ಇಷ್ಟು ಹಣ ಸಿಗುವಂತಿದ್ದರೆ ಮೆರಿಯನ್‌ನಲ್ಲಿ ಉಳಿಸಲು ಏಕೆ ಸಿಗಲಿಲ್ಲ ಎಂದು ಬಳಗ ಕೇಳಿತು. ಪ್ರಕರಣವನ್ನು ಮತ್ತೆ ತೆರೆಯಬೇಕೆಂದು ಅರ್ಜಿ ಹಾಕಿತು. 2008ರಲ್ಲೂ 2011ರಲ್ಲೂ ನ್ಯಾಯಾಲಯ ಒಪ್ಪಲಿಲ್ಲ. 2009ರಲ್ಲಿ ತೆರೆಕಂಡ ಸಾಕ್ಷ್ಯಚಿತ್ರ ದಿ ಆರ್ಟ್ ಆಫ್ ದಿ ಸ್ಟೀಲ್ ಸ್ಥಳಾಂತರ ವಿರೋಧಿಗಳ ವಾದವನ್ನು ಜಗತ್ತಿಗೆ ಮುಟ್ಟಿಸಿತು. ಅದು ಏಕಪಕ್ಷೀಯ ಎಂಬ ಟೀಕೆಯೂ ಬಂತು.

ಮೆರಿಯನ್ ಕಟ್ಟಡದ ಬಾಗಿಲು 2011ರ ಜುಲೈನಲ್ಲಿ ಮುಚ್ಚಿತು. ಟಾಡ್ ವಿಲಿಯಮ್ಸ್ ಮತ್ತು ಬಿಲ್ಲಿ ಸಿಯೆನ್ ವಿನ್ಯಾಸದ ಹೊಸ ಕಟ್ಟಡ 2012ರ ಮೇ 19ರಂದು ತೆರೆಯಿತು. ಹಳೆಯ ಕೋಣೆಗಳ ಅಳತೆ, ಗೋಡೆಗಳ ಜೋಡಣೆ ಎಲ್ಲವನ್ನೂ ಒಳಗೆ ಹಾಗೆಯೇ ಮರುಸೃಷ್ಟಿಸಿದ್ದಾರೆ. ನ್ಯೂಯಾರ್ಕ್ ಟೈಮ್ಸ್‌ನ ರಾಬರ್ಟಾ ಸ್ಮಿತ್ ಮನಸಾರೆ ಮೆಚ್ಚಿ ಬರೆದರು. ಲಾಸ್ ಏಂಜಲೀಸ್ ಟೈಮ್ಸ್‌ನ ಕ್ರಿಸ್ಟೋಫರ್ ನೈಟ್ ಮೊದಲಿನಿಂದಲೂ ಸ್ಥಳಾಂತರವನ್ನು ಖಂಡಿಸಿದವರು. ಹೊಸ ಕಟ್ಟಡದಲ್ಲಿ ಬೆಳಕು ಚೆನ್ನಾಗಿದೆ, ಹೆಚ್ಚು ಜನ ಬರುತ್ತಾರೆ. ದಾನಿಯ ಮಾತು ಮುರಿದದ್ದೂ ನಿಜ. ಈ ಎರಡರಲ್ಲಿ ಯಾವುದಕ್ಕೆ ಹೆಚ್ಚು ಬೆಲೆ ಎಂಬುದನ್ನು ಒಬ್ಬೊಬ್ಬ ಓದುಗರೂ ತಾವೇ ತೀರ್ಮಾನಿಸಿಕೊಳ್ಳಬೇಕು. ಹಾಗೆ ತೀರ್ಮಾನಿಸಲು ಸ್ಮಿತ್ ಮತ್ತು ನೈಟ್ ಇಬ್ಬರ ಬರಹಗಳೂ ಒಂದೇ ಕಡೆ ಕೈಗೆ ಸಿಗಬೇಕು.

ಕತೆ ಇನ್ನೂ ಮುಗಿದಿಲ್ಲ. 2023ರಲ್ಲಿ ನ್ಯಾಯಾಲಯ ಷರತ್ತನ್ನು ಇನ್ನಷ್ಟು ಸಡಿಲಿಸಿ, ಸೀಮಿತ ಸಂಖ್ಯೆಯ ಚಿತ್ರಗಳನ್ನು ಹೊರಗೆ ಎರವಲು ಕೊಡಲು ಅನುಮತಿಸಿತು. ಜೋಡಣೆ ಇದ್ದಂತೆಯೇ ಇರುತ್ತದೆ ಎಂದು 2004ರಲ್ಲಿ ಯಾರು ಯಾರು ಏನೇನು ಹೇಳಿದ್ದರು ಎಂದು ಇಂದು ತಿಳಿಯಬೇಕಾದರೆ ಆ ದಿನಗಳ ಪತ್ರಿಕೆಗಳನ್ನೇ ತಿರುವಬೇಕು. ಟ್ರಸ್ಟ್‌ಗಳು ದತ್ತಿಪತ್ರದ ಭಾಷೆಯಲ್ಲಿ ನ್ಯಾಯಾಲಯದ ಜೊತೆ ಮಾತನಾಡುತ್ತವೆ. ಊರಿನ ಜೊತೆ ಮಾತನಾಡುವುದು ಪತ್ರಿಕೆಗಳ ಮೂಲಕ. ಊರಿಗೆ ಕೊಟ್ಟ ಮಾತುಗಳು ದಾಖಲಾಗುವುದೂ ಅಲ್ಲೇ.

ಮ್ಯೂಸಿಯಂಗಳೇ ತಮ್ಮ ಬಗ್ಗೆ ಬಂದ ಸುದ್ದಿಗಳನ್ನು ಇಟ್ಟುಕೊಳ್ಳುತ್ತವಲ್ಲ ಎಂದು ಕೇಳುವವರಿದ್ದಾರೆ. ಇಟ್ಟುಕೊಳ್ಳುತ್ತವೆ, ಒಳ್ಳೆಯ ದಾಖಲೆ ಪಾಲಕರು ಅಲ್ಲಿ ಶ್ರದ್ಧೆಯಿಂದ ದುಡಿಯುತ್ತಾರೆ. ಆದರೆ ಸಂಸ್ಥೆಯ ಪ್ರಚಾರ ವಿಭಾಗ ಕತ್ತರಿಸಿಡುವುದು ಪ್ರದರ್ಶನದ ಪ್ರಶಂಸೆ, ಉದ್ಘಾಟನೆಯ ಫೋಟೊ, ಅಧ್ಯಕ್ಷರ ಸಂದರ್ಶನ. ಓದುಗರ ಪತ್ರ ವಿಭಾಗದಲ್ಲಿ ನಿವೃತ್ತ ಶಿಕ್ಷಕರೊಬ್ಬರು ಕೇಳಿದ ಪ್ರಶ್ನೆ, ಒಳಪುಟದ ಮೂಲೆಯಲ್ಲಿ ಬಂದ ಟೆಂಡರ್ ಪ್ರಕಟಣೆ, ಎರಡು ದಿನ ಬಿಟ್ಟು ಬಂದ ತಿದ್ದುಪಡಿ ಇವು ಅಲ್ಲಿ ಉಳಿಯುವುದು ಅಪರೂಪ. ಇಪ್ಪತ್ತು ವರ್ಷಗಳ ನಂತರ ಬೇಕಾಗುವುದು ಬಹುಪಾಲು ಇವೇ.

ಪತ್ರಿಕೆಗಳ ಬಳಿಯೇ ಇರುತ್ತದೆ ಎಂದು ನಂಬಿ ಕೂರುವಂತೆಯೂ ಇಲ್ಲ. ಫಿಲಡೆಲ್ಫಿಯಾದ್ದೇ ಇನ್ನೊಂದು ದೊಡ್ಡ ಪತ್ರಿಕೆ ಈವ್ನಿಂಗ್ ಬುಲೆಟಿನ್ 1982ರ ಜನವರಿಯಲ್ಲಿ ಮುಚ್ಚಿತು. ಆ ಕಚೇರಿಯಲ್ಲಿ ದಶಕಗಳಿಂದ ಸಿಬ್ಬಂದಿ ಕತ್ತರಿಸಿ, ವಿಷಯವಾರು ಲಕೋಟೆಗಳಲ್ಲಿ ತುಂಬಿಟ್ಟ ಸುದ್ದಿ ತುಣುಕುಗಳೂ ಫೋಟೊಗಳೂ ಟೆಂಪಲ್ ವಿಶ್ವವಿದ್ಯಾಲಯದ ಗ್ರಂಥಾಲಯ ಸೇರಿದವು. ಇಂದು ಬಾರ್ನ್ಸ್ ಬಗ್ಗೆ ಇನ್‌ಕ್ವೈರರ್ ಅಲ್ಲದ ಇನ್ನೊಂದು ಸ್ಥಳೀಯ ದನಿ ಕೇಳಬೇಕೆಂದರೆ ಅಲ್ಲಿಗೆ ಹೋಗಬಹುದು. ಪತ್ರಿಕೆ ಸತ್ತರೂ ಅದರ ಕಡತ ಬದುಕಿತು. ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಸಕಾಲಕ್ಕೆ ಕೈಚಾಚಿದ್ದೇ ಅದಕ್ಕೆ ಕಾರಣ.

ಈಗೆಲ್ಲ ಇಂಟರ್‌ನೆಟ್‌ನಲ್ಲೇ ಇದೆಯಲ್ಲ ಎಂಬ ಸಮಾಧಾನ ಇನ್ನೂ ಅಪಾಯದ್ದು. ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ 2013ರಲ್ಲಿದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳಲ್ಲಿ ಸಿಗದಂತಾಗಿದ್ದವು. ಬಾರ್ನ್ಸ್ ಸ್ಥಳಾಂತರಕ್ಕೆ ಹಣ ಕೂಡಿಸಿದ ಪ್ಯೂ ಟ್ರಸ್ಟ್‌ನ ಅಂಗಸಂಸ್ಥೆಯೇ ಈ ಅಧ್ಯಯನ ನಡೆಸಿದ್ದು. ಇನ್‌ಕ್ವೈರರ್ ಪತ್ರಿಕೆ 2019ರಲ್ಲಿ ತನ್ನ ಜಾಲತಾಣದ ಹೆಸರನ್ನೇ ಬದಲಿಸಿತು. 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹವ್ಯಾಸಿ ಬರಹಗಾರರ ಹಕ್ಕನ್ನು ಎತ್ತಿಹಿಡಿದಾಗ ದೊಡ್ಡ ಪತ್ರಿಕೆಗಳು ಅಂಥವರ ಸಾವಿರಾರು ಲೇಖನಗಳನ್ನು ತಮ್ಮ ವಿದ್ಯುನ್ಮಾನ ಸಂಗ್ರಹದಿಂದ ತೆಗೆದುಹಾಕಿದವು. ಬರಹಗಾರರ ಹಕ್ಕು ನ್ಯಾಯವಾದದ್ದೇ. ಆದರೆ ಕಲಾವಿಮರ್ಶೆ ಬರೆಯುವವರಲ್ಲಿ ಹೆಚ್ಚಿನವರು ಹವ್ಯಾಸಿಗಳು ಎನ್ನುವುದನ್ನು ನೆನೆದರೆ ಆ ನಷ್ಟದ ಅಂದಾಜು ಸಿಗುತ್ತದೆ.

ಈ ದೂರದ ಕತೆ ಬೆಂಗಳೂರಿನ ಕಸ್ತೂರಬಾ ರಸ್ತೆಗೆ ನೇರವಾಗಿ ಸಂಬಂಧಿಸಿದ್ದು. ಅಲ್ಲಿರುವ ವೆಂಕಟಪ್ಪ ಚಿತ್ರಶಾಲೆ ಮೈಸೂರು ಆಸ್ಥಾನದ ಕಲಾವಿದ, ಅವನೀಂದ್ರನಾಥ ಟ್ಯಾಗೋರರ ಶಿಷ್ಯ, ವೈಣಿಕರೂ ಆಗಿದ್ದ ಕೆ. ವೆಂಕಟಪ್ಪನವರ ಹೆಸರಿನದು. ಊಟಿ, ಕೊಡೈಕನಾಲ್‌ಗಳ ಅವರ ಜಲವರ್ಣಗಳು ಅಲ್ಲಿವೆ. ಅದು ಸರ್ಕಾರದ ಆಸ್ತಿ, ಅಂದರೆ ಜನರ ಆಸ್ತಿ. 2015ರಲ್ಲಿ ಪ್ರವಾಸೋದ್ಯಮ ಇಲಾಖೆ ಅದನ್ನು ನವೀಕರಿಸಿ ನಡೆಸಲು ತಸ್ವೀರ್ ಎಂಬ ಖಾಸಗಿ ಪ್ರತಿಷ್ಠಾನದ ಜೊತೆ ಒಪ್ಪಂದ ಮಾಡಿಕೊಂಡಿತು. ಸುದ್ದಿ ಹೊರಬಿದ್ದ ಮೇಲೆ ಕಲಾವಿದರು ಒಂದಾದರು. 2016ರುದ್ದಕ್ಕೂ ಚಿತ್ರಶಾಲೆಯ ಅಂಗಳದಲ್ಲಿ ಪ್ರತಿಭಟನೆ, ಸಭೆ, ಪ್ರದರ್ಶನಗಳು ನಡೆದವು. ಒಪ್ಪಂದ ಮುಂದುವರಿಯಲಿಲ್ಲ. ಪ್ರತಿಷ್ಠಾನದ ಕಡೆಯವರು ಅದೇ ರಸ್ತೆಯ ಬೇರೆ ಜಾಗದಲ್ಲಿ ತಮ್ಮದೇ ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ ಕಟ್ಟಿ 2023ರ ಫೆಬ್ರವರಿಯಲ್ಲಿ ತೆರೆದರು. ಇಂದು ಅದು ನಗರದ ಒಂದು ಮುಖ್ಯ ಕಲಾಕೇಂದ್ರ.

ಖಾಸಗಿ ನೆರವು ಬೇಕಿತ್ತು, ಕಟ್ಟಡದ ಸ್ಥಿತಿ ಚೆನ್ನಾಗಿರಲಿಲ್ಲ ಎನ್ನುವವರ ಮಾತಿನಲ್ಲೂ ಹುರುಳಿತ್ತು. ಜನರನ್ನು ಕೇಳದೆ ಜನರ ಚಿತ್ರಶಾಲೆಯನ್ನು ಒಪ್ಪಿಸಬಾರದು ಎನ್ನುವವರ ಮಾತಿನಲ್ಲೂ ಇತ್ತು. ಆ ವಾದ ವಿವಾದವನ್ನು ಕನ್ನಡ ಮತ್ತು ಇಂಗ್ಲಿಷ್ ಪತ್ರಿಕೆಗಳೆರಡೂ ಬರೆದವು. ಮುಂದೆ ಯಾವ ಸರ್ಕಾರವಾದರೂ ಚಿತ್ರಶಾಲೆಯ ವಿಚಾರದಲ್ಲಿ ಇನ್ನೊಂದು ಒಪ್ಪಂದಕ್ಕೆ ಕೈಹಾಕಿದಾಗ ಅಂದು ಸಚಿವರು ಏನು ಹೇಳಿದ್ದರು, ಅಧಿಕಾರಿಗಳು ಏನು ಭರವಸೆ ಕೊಟ್ಟಿದ್ದರು ಎಂದು ನೋಡಲು ಈ ಬರಹಗಳೆಲ್ಲ ಒಂದು ಕಡತದಲ್ಲಿ ಇರಬೇಕು.

ಕನ್ನಡದ ಸುದ್ದಿಗೆ ಕಷ್ಟ ಇನ್ನೂ ಹೆಚ್ಚು. ಒಂದೇ ಪತ್ರಿಕೆಯ ಬೆಂಗಳೂರು ಆವೃತ್ತಿಯಲ್ಲಿ ಬಂದದ್ದು ಹುಬ್ಬಳ್ಳಿ, ಮಂಗಳೂರು ಆವೃತ್ತಿಗಳಲ್ಲಿ ಇರುವುದಿಲ್ಲ. ಯೂನಿಕೋಡ್‌ಗೆ ಮುಂಚಿನ ದಿನಗಳಲ್ಲಿ ಪತ್ರಿಕೆಗಳ ಜಾಲತಾಣಗಳು ಬೇರೆ ಬೇರೆ ಫಾಂಟ್‌ಗಳಲ್ಲಿದ್ದವು. ಅವುಗಳಲ್ಲಿ ಉಳಿದಿರುವುದೂ ಇಂದಿನ ಹುಡುಕಾಟಕ್ಕೆ ಸಿಗುವುದಿಲ್ಲ. ಇ-ಪೇಪರ್ ಪುಟಗಳು ಬಹುಪಾಲು ಚಿತ್ರಗಳಾಗಿರುವುದರಿಂದ ಅವುಗಳೊಳಗಿನ ಪದ ಹುಡುಕುವುದು ಸುಲಭವಲ್ಲ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯನ್ನು 1956ರಲ್ಲಿ ಪತ್ರಿಕೆಗಳಿಗೂ ವಿಸ್ತರಿಸಲಾಯಿತು. ಆ ಕಾಯ್ದೆಯಡಿ ಪ್ರತಿ ಸೇರಬೇಕಾದ ಗ್ರಂಥಾಲಯಗಳು ಕೋಲ್ಕತ್ತ, ಚೆನ್ನೈ, ಮುಂಬೈ, ದೆಹಲಿಗಳಲ್ಲಿವೆ. ಕರ್ನಾಟಕದಲ್ಲಿ ಒಂದೂ ಇಲ್ಲ. ತಾಯಿನಾಡು, ಮುಂಗಾರು ಮೊದಲಾದ ಎಷ್ಟೋ ಪತ್ರಿಕೆಗಳು ನಿಂತುಹೋದ ನಾಡು ಇದು. ಅಂಥ ಪತ್ರಿಕೆಗಳ ಪೂರ್ತಿ ಸಂಪುಟ ಹುಡುಕಿ ಹೊರಟ ಸಂಶೋಧಕರ ಪಾಡು ಸಂಶೋಧಕರಿಗೇ ಗೊತ್ತು.

ಸುದ್ದಿಕಡತದಿಂದ ಏನು ಉಪಯೋಗ ಎಂದರೆ ಕಾನೂನಿನ ಕಡೆ ನೋಡಬೇಕು. ಬಾರ್ನ್ಸ್ ಸ್ನೇಹಿತರ ಬಳಗಕ್ಕೆ ಪೆನ್ಸಿಲ್ವೇನಿಯಾದಲ್ಲಿ ಸಿಗದ ಹಕ್ಕು ಭಾರತದಲ್ಲಿದೆ. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಸೆಕ್ಷನ್ ಪ್ರಕಾರ ಸಾರ್ವಜನಿಕ ದತ್ತಿಯಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಬಹುದು. ಟ್ರಸ್ಟಿಗಳಿಂದ ಲೆಕ್ಕ ಕೇಳಬಹುದು. ಪತ್ರಿಕೆಯ ವರದಿಯನ್ನೇ ಸಾಕ್ಷ್ಯವೆಂದು ನ್ಯಾಯಾಲಯ ಒಪ್ಪುವುದಿಲ್ಲ, ಅದು ಕೇಳಿದ ಮಾತಿಗೆ ಸಮ ಎಂದು ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆ. ಆದರೆ ಯಾವ ದಿನ, ಯಾವ ಇಲಾಖೆ, ಯಾವ ಆದೇಶ ಎಂಬ ಸುಳಿವು ಕೊಡುವುದು ಆ ವರದಿಯೇ. ದಿನಾಂಕವೇ ಗೊತ್ತಿಲ್ಲದೆ ಮಾಹಿತಿ ಹಕ್ಕಿನ ಅರ್ಜಿ ಬರೆಯುವುದು ಕತ್ತಲಲ್ಲಿ ಕೀಲಿಕೈ ಹುಡುಕಿದಂತೆ.

ಕಡತ ಕಟ್ಟುವ ಕೆಲಸ ದುಬಾರಿಯಲ್ಲ, ಶಿಸ್ತು ಬೇಡುವಂಥದ್ದು. ಸುದ್ದಿಕಾಗದದಲ್ಲಿ ಮರದ ಲಿಗ್ನಿನ್ ಉಳಿದಿರುವುದರಿಂದ ಅದು ಹಳದಿಗಟ್ಟಿ ಪುಡಿಯಾಗುತ್ತದೆ. ಆಮ್ಲರಹಿತ ಕಾಗದಕ್ಕೆ ನಕಲು ತೆಗೆದರೆ ಬಹುಕಾಲ ಬಾಳುತ್ತದೆ. ಸೆಲ್ಲೊಟೇಪ್ ಮತ್ತು ಪಿನ್ ಎರಡೂ ಕಾಗದವನ್ನು ಕೊಲ್ಲುತ್ತವೆ. ತುಣುಕಿನ ಜೊತೆ ಪತ್ರಿಕೆಯ ಹೆಸರು, ದಿನಾಂಕ, ಆವೃತ್ತಿ, ಪುಟಸಂಖ್ಯೆ ಬರೆಯದಿದ್ದರೆ ಅದು ಅನಾಥ. ಇಡೀ ಪುಟವನ್ನೂ ಒಮ್ಮೆ ಸ್ಕ್ಯಾನ್ ಮಾಡಬೇಕು, ಏಕೆಂದರೆ ಸುದ್ದಿ ಮುಖಪುಟದಲ್ಲಿತ್ತೋ ಒಳಗೆ ಜಾಹೀರಾತಿನ ಕೆಳಗಿತ್ತೋ ಎನ್ನುವುದೂ ಒಂದು ಮಾಹಿತಿ. ಹಕ್ಕುಸ್ವಾಮ್ಯದ ಕಾರಣಕ್ಕೆ ಲೇಖನಗಳನ್ನು ಎಲ್ಲರಿಗೂ ಹಂಚಲಾಗದಿದ್ದರೂ ಗ್ರಂಥಾಲಯದೊಳಗೆ ಓದಲು ಇಡಬಹುದು. ಶೀರ್ಷಿಕೆ, ದಿನಾಂಕ, ಪುಟಗಳ ಸೂಚಿಯನ್ನು ಬಹಿರಂಗವಾಗಿ ಪ್ರಕಟಿಸಬಹುದು. ಒಳ್ಳೆಯ ಸೂಚಿಯೊಂದು ಸಿಕ್ಕರೆ ಸಂಶೋಧಕರ ಅರ್ಧ ದಾರಿ ಮುಗಿದಂತೆ. ಮತ್ತೊಂದು ಮಾತು: ಹೊಗಳಿದ್ದನ್ನೂ ತೆಗಳಿದ್ದನ್ನೂ ಬೇಸರ ತರಿಸುವ ಪ್ರಕಟಣೆಗಳನ್ನೂ ಒಂದೇ ಅಳತೆಯಲ್ಲಿ ಕೂಡಿಡಬೇಕು. ಆಯ್ದು ಇಟ್ಟ ಕಡತ ಪ್ರಚಾರವಾಗುತ್ತದೆ, ಆಯ್ದದ್ದು ಟ್ರಸ್ಟ್ ಆಗಲಿ ಪ್ರತಿಭಟನಕಾರರಾಗಲಿ.

ಕರ್ನಾಟಕ ಲಲಿತಕಲಾ ಅಕಾಡೆಮಿ ಮತ್ತು ಮಾಧ್ಯಮ ಅಕಾಡೆಮಿ ಎರಡೂ ಸರ್ಕಾರದ ಅಂಗಗಳೇ. ಆದ್ದರಿಂದ ಅವುಗಳ ಜೊತೆಗೆ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯವೂ ಸೇರಿ, ವೆಂಕಟಪ್ಪ ಚಿತ್ರಶಾಲೆಯಿಂದ ಮೊದಲು ಮಾಡಿ, ಚಿತ್ರಕಲಾ ಪರಿಷತ್ತು, ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗಳವರೆಗೆ ಒಂದೊಂದಕ್ಕೂ ಸುದ್ದಿಕಡತ ತೆರೆಯಬೇಕು. ಪತ್ರಿಕೋದ್ಯಮ ಓದುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಸಿಗದು. 2016ರ ಆ ದಿನಗಳಲ್ಲಿ ಅಂಗಳದಲ್ಲಿ ನಿಂತವರ, ವರದಿ ಬರೆದವರ, ಫೋಟೊ ತೆಗೆದವರ ಮನೆಗಳ ಅಟ್ಟದ ಮೇಲೆ ಇನ್ನೂ ಪೇಪರ್ ಕಟಿಂಗ್‌ಗಳು, ಕರಪತ್ರಗಳು ಇರಬಹುದು. ಅವುಗಳ ಮೇಲೆ ಇಂದೇ ದಿನಾಂಕ, ಪತ್ರಿಕೆಯ ಹೆಸರು ಬರೆದಿಡಿ. ರದ್ದಿಯವನ ತಕ್ಕಡಿಗೆ ಹಾಕುವ ಮುನ್ನ ಹತ್ತಿರದ ಗ್ರಂಥಾಲಯವನ್ನೊಮ್ಮೆ ಕೇಳಿ.